ಡಿಪೋ ಗೇಟಿನ ಹೊರಗೆ

ಮುಂಬಯಿಯಲ್ಲಿ ಮೊದಲ ಮೋಟಾರು ಬಸ್ಸು ಓಡಿದ್ದು 1926ರ ಜುಲೈ 15ರಂದು, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿನ ತನಕ. ಈಗ ಮಾಟುಂಗಾದಲ್ಲಿರುವ ಮೈಸೂರು ಅಸೋಸಿಯೇಷನ್ ಹುಟ್ಟಿದ್ದೂ ಅದೇ ವರ್ಷ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಏನೂ ಇಲ್ಲ. ಆದರೂ ಇಲ್ಲಿಯ ಕನ್ನಡಿಗರು ತಮ್ಮ ಚರಿತ್ರೆಯ ಲೆಕ್ಕ ಹಾಕುವಾಗ ಬಸ್ಸನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಒಂದು ಸಂಘದ ಕತೆ ಬರೆಯಬೇಕು ಅಂತ ಹೊರಟರೆ ಸ್ಮರಣ ಸಂಚಿಕೆಗಳು ಸಿಗುತ್ತವೆ, ಶಾಲು ಹೊದ್ದ ಅಧ್ಯಕ್ಷರುಗಳ ಫೋಟೋ ಸಿಗುತ್ತವೆ, ನಾಟಕದ ಕರಪತ್ರವಾದರೂ ಯಾರದೋ ಟ್ರಂಕಿನಲ್ಲಿ ಸಿಗುತ್ತದೆ. ಬಸ್ಸಿನ ಕತೆ ಬರೆಯೋಣ ಅಂತ ಹೊರಟರೆ? ಅಲ್ಲೂ ಅಧ್ಯಕ್ಷರ ಫೋಟೋಗಳೇ ಜಾಸ್ತಿ. ರಿಬ್ಬನ್ ಕತ್ತರಿಸುವವರು ಎದುರಿಗೆ ಸಾಲಾಗಿ ನಿಂತಿರುತ್ತಾರೆ, ಹಿಂದೆ ಬಸ್ಸಿನ ಒಂದು ಮೂಲೆ ಕಾಣುತ್ತದೆ. ಬಸ್ಸು ಪೂರ್ತಿಯಾಗಿ, ಅದರ ನಂಬರು, ಬೋರ್ಡು, ಬಾಗಿಲು, ಮೈಮೇಲಿನ ಗೀರು ಸಮೇತ ಕಾಣಬೇಕಾದರೆ ಇನ್ನೊಂದು ಜಾತಿಯ ಜನ ತೆಗೆದ ಫೋಟೋಗಳನ್ನೇ ಹುಡುಕಬೇಕು. ಅವರಿಗೆ ಸಂಬಳ ಇಲ್ಲ, ಸನ್ಮಾನ ಇಲ್ಲ. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಡಿಪೋ ಗೇಟಿನ ಹತ್ತಿರ ನಿಲ್ಲುತ್ತಾರೆ. ಈ ಬರಹ ಅವರ ಬಗ್ಗೆ, ಮತ್ತು ಆ ಗೇಟು ಅವರಿಗೆ ಮುಚ್ಚಿಕೊಂಡ ಬಗೆಯ ಬಗ್ಗೆ.

ಊರಿನ ಓದುಗರಿಗೆ ಮೊದಲು ಒಂದಿಷ್ಟು ಹಿನ್ನೆಲೆ ಹೇಳಬೇಕು. ಮುಂಬಯಿಯ ಕೆಂಪು ಬಸ್ಸಿನ ಮೂಲ ಕುದುರೆ ಟ್ರಾಮಿನಲ್ಲಿದೆ. 1874ರ ಮೇ 9ರಂದು ಕೊಲಾಬಾದಿಂದ ಪಾಯಧುನಿಗೆ ಕುದುರೆಗಳು ಎಳೆಯುವ ಟ್ರಾಮು ಶುರುವಾಯಿತು. 1905ರಲ್ಲಿ ವಿದ್ಯುತ್ತು ಮತ್ತು ಟ್ರಾಮು ಎರಡನ್ನೂ ನಡೆಸುವ ಕಂಪನಿ ಬಂತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ 'ಬೆಸ್ಟ್' ಆಯಿತು. 1907ರಲ್ಲಿ ವಿದ್ಯುತ್ ಟ್ರಾಮು, 1920ರಲ್ಲಿ ಮಾಳಿಗೆ ಟ್ರಾಮು, 1926ರಲ್ಲಿ ಬಸ್ಸು, 1937ರಲ್ಲಿ ಮಾಳಿಗೆ ಬಸ್ಸು, ಅಂದರೆ ನಾವೆಲ್ಲ ಡಬಲ್ ಡೆಕ್ಕರ್ ಅನ್ನುವುದು. ಸ್ವಾತಂತ್ರ್ಯಕ್ಕೆ ಎಂಟು ದಿನ ಮುಂಚೆ, 1947ರ ಆಗಸ್ಟ್ 7ರಂದು, ಕಂಪನಿ ನಗರಪಾಲಿಕೆಯ ಕೈಗೆ ಬಂತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಹೋಯಿತು. 1962ರಿಂದ 1971ರವರೆಗೆ ಟ್ರಾಲಿ ಬಸ್ಸು ಅಂತ ಒಂದಿತ್ತು. ತಲೆಮೇಲೆ ತಂತಿ, ಕೆಳಗೆ ರಬ್ಬರ್ ಚಕ್ರ. ಅದನ್ನು ನೋಡಿದವರು ಈಗ ಅಜ್ಜಂದಿರಾಗಿದ್ದಾರೆ. 1990ರ ದಶಕದ ಶುರುವಿನಲ್ಲಿ ಸುಮಾರು 900 ಡಬಲ್ ಡೆಕ್ಕರ್‌ಗಳು ಈ ಊರಲ್ಲಿ ಓಡುತ್ತಿದ್ದವು.

ಕನ್ನಡದವರಿಗೆ ಈ ಬಸ್ಸಿನ ಜೊತೆ ಇದ್ದ ಸಂಬಂಧ ಹೊಟ್ಟೆಪಾಡಿನದು. ಕರಾವಳಿಯಿಂದ ಬಂದು ಫೋರ್ಟಿನ ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದು, ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರು ಮೊದಲು ಕಲಿತ ಮರಾಠಿ ಬಸ್ಸಿನ ನೆತ್ತಿಯಲ್ಲಿತ್ತು. ಬೆಸ್ಟ್ ಬಸ್ಸಿನ ಎದುರಿನ ಬೋರ್ಡಿನಲ್ಲಿ ನಂಬರು ದೇವನಾಗರಿ ಅಂಕಿಯಲ್ಲಿರುತ್ತಿತ್ತು, ಇಂಗ್ಲಿಷ್ ಅಂಕಿ ಪಕ್ಕದಲ್ಲಿ. ಪಕ್ಕದ್ದು ಕಾಣುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಹಾಗಾಗಿ ಎದುರಿನದ್ದನ್ನೇ ಓದಲು ಕಲಿಯಬೇಕಿತ್ತು. ಕನ್ನಡ ಅಂಕಿ ಗೊತ್ತಿದ್ದವನಿಗೆ ದೇವನಾಗರಿ ಅರ್ಧ ಬಂದ ಹಾಗೆ. ಉಳಿದರ್ಧಕ್ಕೆ ಎರಡು ಸಲ ತಪ್ಪು ಬಸ್ಸು ಹತ್ತಿದರೆ ಸಾಕಿತ್ತು. ಇಂಥ ಬಸ್ಸಿನ ಮೇಲೆ ಪ್ರೀತಿ ಹುಟ್ಟುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ನಾನು ಹೇಳುತ್ತಿರುವ ಬಸ್ ಪ್ರಿಯರು ಈ ಪ್ರೀತಿಗಿಂತ ಒಂದು ಹೆಜ್ಜೆ ಮುಂದಿನವರು.

ಇವರು ಬಸ್ಸನ್ನು ನೋಡೋ ರೀತಿಯೇ ಬೇರೆ. ನಮಗೆ ಬಸ್ಸು ಅಂದರೆ ಎಲ್ಲಿಗೆ ಹೋಗುತ್ತದೆ ಅನ್ನೋದು. ಅವರಿಗೆ ಬಸ್ಸು ಅಂದರೆ ಯಾವ ವರ್ಷದ್ದು, ಯಾವ ಕಂಪನಿಯ ಚಾಸಿ, ಬಾಡಿ ಎಲ್ಲಿ ಕಟ್ಟಿದ್ದು, ಯಾವ ಡಿಪೋದ್ದು, ಮೊದಲು ಯಾವ ಡಿಪೋದಲ್ಲಿತ್ತು ಅನ್ನೋದು. ಒಂದೇ ಬ್ಯಾಚಿನಲ್ಲಿ ಬಂದ ಎರಡು ಬಸ್ಸುಗಳಲ್ಲಿ ಒಂದರ ಹಿಂದಿನ ದೀಪ ಬದಲಾಗಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮನೆಯವರು ತಲೆ ಚಚ್ಚಿಕೊಳ್ಳುತ್ತಾರೆ. "ಹಕ್ಕಿ ಫೋಟೋ ತೆಗೆದ್ರೆ ಅರ್ಥ ಇದೆ, ಈ ಲಡಾಸು ಬಸ್ಸಿಂದ್ಯಾಕೋ?" ಅಂತ ಕೇಳದ ತಾಯಿ ಇಲ್ಲ. ಕರ್ನಾಟಕದಿಂದ ಮುಂಬಯಿ, ಪುಣೆಗೆ ರಾತ್ರಿ ಬಸ್ಸುಗಳಲ್ಲಿ ಓಡಾಡಿ ಬೆಳೆದ ನಮ್ಮ ಮಕ್ಕಳಲ್ಲೂ ಈ ಹುಚ್ಚು ಕಾಣುತ್ತದೆ. ಊರಿಗೆ ಹೋಗುವಾಗ ಅವರಿಗೆ ಅಜ್ಜಿ ಮನೆಯಷ್ಟೇ ಮುಖ್ಯ ಹುಬ್ಬಳ್ಳಿ ಬಸ್ ಸ್ಟ್ಯಾಂಡು. 2001ರಲ್ಲಿ ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ವೋಲ್ವೊ ಬಸ್ಸು ತಯಾರಾಗತೊಡಗಿದ ಮೇಲೆ, ಕೈಗೆ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ, ಈ ಹುಚ್ಚು ಹೆಚ್ಚಾಯಿತು. ಫಿಲ್ಮ್ ರೋಲಿನ ಕಾಲದಲ್ಲಿ 36 ಚಿತ್ರಗಳಲ್ಲಿ ಬಸ್ಸಿಗೆ ಒಂದು ಸಿಕ್ಕರೆ ಹೆಚ್ಚು. ಮಿಕ್ಕದ್ದು ಮದುವೆಗೆ, ಮುಂಜಿಗೆ.

ರಸ್ತೆಯಲ್ಲಿ ಬೇಕಾದಷ್ಟು ಬಸ್ಸು ಓಡುವಾಗ ಡಿಪೋಗೇ ಯಾಕೆ ಹೋಗಬೇಕು ಅಂತ ಕೇಳಬಹುದು. ರಸ್ತೆಯಲ್ಲಿ ಬಸ್ಸು ನಿಲ್ಲೋದಿಲ್ಲ. ನಿಂತರೂ ಎದುರಿಗೆ ರಿಕ್ಷಾ, ಟ್ಯಾಕ್ಸಿ, ಭೇಲ್ಪುರಿ ಗಾಡಿ, ನೂರು ತಲೆ. ಡಿಪೋದಲ್ಲಿ ಬಸ್ಸು ಸಾಲಾಗಿ ನಿಂತಿರುತ್ತದೆ. ರಾತ್ರಿ ಕೊನೆಯ ಪಾಳಿ ಮುಗಿದು ಬಸ್ಸು ಒಳಗೆ ಬರುತ್ತದೆ. ಕಂಡಕ್ಟರು ಹಣ ಎಣಿಸಿ ಕಟ್ಟುತ್ತಾನೆ. ಬಸ್ಸಿಗೆ ಡೀಸೆಲ್, ನೀರು, ಗಾಳಿ, ತೊಳೆಯೋದು, ಬ್ರೇಕು ನೋಡೋದು. ನಸುಕಿನ ನಾಲ್ಕು ಗಂಟೆಗೆ ಮತ್ತೆ ಒಂದೊಂದಾಗಿ ಹೊರಡುತ್ತದೆ. ಇಡೀ ದಿನ ಊರು ನೋಡುವುದು ಬಸ್ಸಿನ ಮುಖ ಮಾತ್ರ. ಅದರ ಮೈ, ಹೊಟ್ಟೆ, ಕಾಯಿಲೆ ಎಲ್ಲ ಕಾಣೋದು ಡಿಪೋದಲ್ಲಿ. ಮತ್ತೆ ಪ್ರತಿ ಡಿಪೋದಲ್ಲೂ ಒಂದು ಮೂಲೆ ಇರುತ್ತದೆ. ಆಯುಸ್ಸು ಮುಗಿದ ಬಸ್ಸುಗಳು ಗುಜರಿಯವನಿಗಾಗಿ ಕಾದು ನಿಂತ ಮೂಲೆ. ಟೈರು ಬಿಚ್ಚಿರುತ್ತಾರೆ, ಸೀಟು ಬಿಚ್ಚಿರುತ್ತಾರೆ, ನಂಬರು ಮಾತ್ರ ಉಳಿದಿರುತ್ತದೆ. ಬಸ್ ಪ್ರಿಯರು ಮೊದಲು ಓಡುವುದು ಆ ಮೂಲೆಗೆ. ಇನ್ನು ಹದಿನೈದು ದಿನದಲ್ಲಿ ಅದು ತಗಡಾಗುತ್ತದೆ, ಆಮೇಲೆ ಅಂಥ ಬಸ್ಸು ಇತ್ತು ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ ಅನ್ನೋದು ಅವರಿಗೆ ಗೊತ್ತು.

ಈ ಹವ್ಯಾಸದ ತವರು ಇಂಗ್ಲೆಂಡು. ಅಲ್ಲಿ ಮೊದಲು ಹಿಡಿದದ್ದು ರೈಲಿನ ಹುಚ್ಚು. ಲಂಡನ್ನಿನ ಸದರ್ನ್ ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಇಯಾನ್ ಆಲನ್ ಎಂಬ ಯುವಕ, ಎಂಜಿನ್ನುಗಳ ನಂಬರು ಕೇಳಿ ಬರುತ್ತಿದ್ದ ಪತ್ರಗಳಿಗೆ ಉತ್ತರ ಬರೆದು ಸಾಕಾಗಿ, 1942ರಲ್ಲಿ ಎಲ್ಲ ಎಂಜಿನ್ನುಗಳ ಪಟ್ಟಿಯ ಒಂದು ಪುಟ್ಟ ಪುಸ್ತಕವನ್ನೇ ಅಚ್ಚು ಹಾಕಿಸಿದ. ಆಗ ಮಹಾಯುದ್ಧ ನಡೆಯುತ್ತಿತ್ತು ಅನ್ನೋದನ್ನು ಗಮನಿಸಬೇಕು. ಪುಸ್ತಕ ಖರ್ಚಾಯಿತು. ಶಾಲೆ ಹುಡುಗರು ಪೆನ್ಸಿಲ್ ಹಿಡಿದು ಸ್ಟೇಷನ್ನುಗಳಲ್ಲಿ ಕೂತರು, ಕಂಡ ಎಂಜಿನ್ನಿನ ನಂಬರಿಗೆ ಗೆರೆ ಎಳೆದರು. ಕೂತಲ್ಲೇ ಕೂತಿದ್ದರೆ ಚೆನ್ನಾಗಿತ್ತು. ಕೆಲವರು ಹಳಿಗೆ ಇಳಿದರು. 1944ರಲ್ಲಿ ಟ್ಯಾಮ್‌ವರ್ತ್ ಎಂಬ ಊರಲ್ಲಿ ಹುಡುಗರು ಹಳಿಯ ಜಾಗಕ್ಕೆ ನುಗ್ಗಿ ಸಿಕ್ಕಿಬಿದ್ದರು. ರೈಲ್ವೆ ಸಿಟ್ಟಾಯಿತು. ಆಗ ಆಲನ್ ಮಾಡಿದ ಉಪಾಯ ಎಂದರೆ ಒಂದು ಕ್ಲಬ್ಬು ಕಟ್ಟಿದ್ದು. ಸದಸ್ಯರಾಗುವವರು ರೈಲ್ವೆ ಆಸ್ತಿಯೊಳಗೆ ಅತಿಕ್ರಮ ಪ್ರವೇಶ ಮಾಡುವುದಿಲ್ಲ ಅಂತ ಮಾತು ಕೊಡಬೇಕಿತ್ತು. ಬಾಗಿಲು ಮುಚ್ಚೋದು, ಮಾತು ಕೊಟ್ಟು ತೆರೆಸೋದು, ಮತ್ತೆ ಯಾರೋ ಒಬ್ಬ ಕೆಡಿಸೋದು: ಈ ಹವ್ಯಾಸಕ್ಕೆ ಈ ಕತೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ಹವ್ಯಾಸಿ ತಪ್ಪು ಮಾಡದಿದ್ದರೂ ಪೆಟ್ಟು ಬೀಳುತ್ತದೆ. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾದಲ್ಲಿ ವಿಮಾನ ಪ್ರದರ್ಶನ ನೋಡಲು ಹೋದ 12 ಮಂದಿ ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರು ಅಂತ ಹಿಡಿದು ಜೈಲಿಗೆ ಹಾಕಿದರು. ಅವರ ಹತ್ತಿರ ಸಿಕ್ಕಿದ್ದು ವಿಮಾನದ ನಂಬರು ಬರೆದ ಪುಸ್ತಕಗಳು. ನಂಬರು ಬರೆದುಕೊಳ್ಳೋದು ಬರೀ ಖುಷಿಗೆ ಅಂದರೆ ಅಲ್ಲಿಯ ಪೊಲೀಸರು ನಂಬಲೇ ಇಲ್ಲ. 2002ರ ಏಪ್ರಿಲಿನಲ್ಲಿ ಶಿಕ್ಷೆಯಾಯಿತು, ನವೆಂಬರಿನಲ್ಲಿ ಮೇಲಿನ ಕೋರ್ಟು ಬಿಟ್ಟಿತು. ಹವ್ಯಾಸದ ತವರಾದ ಲಂಡನ್ನಿನಲ್ಲೇ 2009ರಲ್ಲಿ, ಪ್ರವಾಸಕ್ಕೆ ಬಂದಿದ್ದ ಆಸ್ಟ್ರಿಯಾದ ಅಪ್ಪ-ಮಗ ತೆಗೆದಿದ್ದ ಬಸ್ಸು, ಬಸ್ ನಿಲ್ದಾಣದ ಚಿತ್ರಗಳನ್ನು ಪೊಲೀಸರು ಅಳಿಸಿ ಹಾಕಿಸಿದರು. ಕೆಂಪು ಬಸ್ಸಿನ ಚಿತ್ರವನ್ನು ಬಟ್ಟಲು, ಬನಿಯನ್ನು, ಬೀಗದ ಗೊಂಚಲುಗಳ ಮೇಲೆ ಅಚ್ಚು ಹಾಕಿ ಪ್ರವಾಸಿಗಳಿಗೆ ಮಾರುವ ಊರು ಅದು!

ನಮ್ಮಲ್ಲಿ ಇದಕ್ಕೆ ಕಾನೂನಿನ ಬೇರು 1923ರದ್ದು. ಬ್ರಿಟಿಷರು ಮಾಡಿಟ್ಟು ಹೋದ ಅಧಿಕೃತ ರಹಸ್ಯ ಕಾಯ್ದೆಯಲ್ಲಿ 'ನಿಷೇಧಿತ ಸ್ಥಳ' ಅಂತ ಒಂದು ಮಾತಿದೆ. ಶಸ್ತ್ರಾಗಾರ, ಬಂದರು, ಸೈನ್ಯದ ಜಾಗಗಳ ಜೊತೆಗೆ, ಸರ್ಕಾರ ಅಧಿಸೂಚನೆ ಹೊರಡಿಸಿದರೆ ರೈಲು ಮಾರ್ಗ, ರಸ್ತೆಗಳೂ ಆ ಪಟ್ಟಿಗೆ ಸೇರಬಹುದು. ಅಂದರೆ ಸೇರಿಸಬೇಕಾದರೆ ಅಧಿಸೂಚನೆ ಬೇಕು. ಸುಮ್ಮನೆ ಎಲ್ಲ ರಸ್ತೆಯೂ ರಹಸ್ಯ ಅಲ್ಲ. ಆದರೆ ಕಾಯ್ದೆಯ ಅಕ್ಷರ ಬೇರೆ, ಅದರ ನೆರಳು ಬೇರೆ. ಅಣೆಕಟ್ಟಿನ ಮೇಲೆ, ಸೇತುವೆ ಪಕ್ಕದಲ್ಲಿ 'ಛಾಯಾಚಿತ್ರ ತೆಗೆಯಬಾರದು' ಅಂತ ಬೋರ್ಡು ನೋಡಿ ನೋಡಿ, ಸರ್ಕಾರದ್ದು ಅಂತ ಕಂಡದ್ದರ ಫೋಟೋ ತೆಗೆಯೋದೇ ತಪ್ಪು ಅನ್ನುವ ಭಾವನೆ ನಮ್ಮ ಜನರಲ್ಲೂ, ಕಾವಲಿನವರಲ್ಲೂ ಕೂತುಬಿಟ್ಟಿದೆ. ಬಸ್ ಡಿಪೋ ಸಾರ್ವಜನಿಕ ಸಂಸ್ಥೆಯ ಆಸ್ತಿ. ಆದರೆ ಸಾರ್ವಜನಿಕ ಸ್ಥಳ ಅಲ್ಲ. ಈ ವ್ಯತ್ಯಾಸ ಸರಿಯಾದದ್ದೇ. ಹಿಂದೆ ಹಿಂದೆ ಬರುವ ಬಸ್ಸುಗಳು, ಡೀಸೆಲ್ ಟ್ಯಾಂಕು, ಎಣ್ಣೆ ಚೆಲ್ಲಿದ ನೆಲ, ನಗದು ಎಣಿಸುವ ಕೋಣೆ ಇರುವ ಜಾಗದಲ್ಲಿ ಕಂಡಕಂಡವರು ಓಡಾಡುವಂತಿಲ್ಲ. ಹಾಗಾಗಿ ಒಳಗೆ ಹೋಗೋದು ಹಕ್ಕು ಅಂತ ಯಾವ ಬಸ್ ಪ್ರಿಯನೂ ವಾದಿಸುವುದಿಲ್ಲ. ಅದು ಒಳಗಿನವರ ದಾಕ್ಷಿಣ್ಯದ ಮೇಲೆ ನಿಂತದ್ದು. ಅದಕ್ಕೇ ಕಳೆದುಕೊಳ್ಳೋದೂ ಸುಲಭ.

ಮುಂಬಯಿಯಲ್ಲಿ ಆ ದಾಕ್ಷಿಣ್ಯ ಕಡಿಮೆಯಾದದ್ದಕ್ಕೆ ಕಾರಣವಿತ್ತು. 1993ರ ಮಾರ್ಚ್ 12ರ ಸರಣಿ ಸ್ಫೋಟಗಳಲ್ಲಿ 257 ಜನ ಸತ್ತರು. 2002ರ ಡಿಸೆಂಬರ್ 2ರಂದು ಘಾಟ್ಕೋಪರಿನಲ್ಲಿ ಬಾಂಬು ಸಿಡಿದದ್ದು ಬೆಸ್ಟ್ ಬಸ್ಸಿನೊಳಗೆ. 2003ರ ಜುಲೈ 28ರಂದು ಅದೇ ಘಾಟ್ಕೋಪರಿನಲ್ಲಿ ಮತ್ತೊಂದು ಬಸ್ಸಿನೊಳಗೆ. 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಏಳು ಸ್ಫೋಟ. 2008ರ ನವೆಂಬರ್ 26ರ ರಾತ್ರಿ ಸಿ.ಎಸ್.ಟಿ. ನಿಲ್ದಾಣ. ಇಷ್ಟನ್ನು ಕಂಡ ಊರಲ್ಲಿ ಡಿಪೋ ಗೇಟಿನ ಎದುರು ಒಬ್ಬ ಅಪರಿಚಿತ ಬಸ್ಸುಗಳ ನಂಬರು ಬರೆದುಕೊಳ್ಳುತ್ತಾ, ಒಂದೊಂದರದ್ದೂ ಫೋಟೋ ಹೊಡೆಯುತ್ತಾ ನಿಂತರೆ ಕಾವಲಿನವನಿಗೆ ಅನುಮಾನ ಬರದಿದ್ದರೆ ಅದೇ ತಪ್ಪು. ಬೆಳಿಗ್ಗೆ ಮನೆಯಿಂದ ಹೊರಟವರು ಸಂಜೆ ವಾಪಸು ಬರುತ್ತಾರೋ ಇಲ್ಲವೋ ಅಂತ ಕಾದ ದಿನಗಳನ್ನು ನಾವೂ ಕಂಡಿದ್ದೇವೆ. ಹೀಗಾಗಿ ಭದ್ರತೆಯ ಮಾತನ್ನು ನಾನು ತಳ್ಳಿಹಾಕೋದಿಲ್ಲ.

ಆದರೆ ಅದೇ 2008ರ ರಾತ್ರಿಯ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಸಿ.ಎಸ್.ಟಿ.ಯೊಳಗೆ ಬಂದೂಕು ಹಿಡಿದು ನಡೆಯುತ್ತಿದ್ದ ಕಸಾಬನ ಚಿತ್ರ ತೆಗೆದವರು ಪತ್ರಿಕಾ ಛಾಯಾಗ್ರಾಹಕ ಸೆಬಾಸ್ಟಿಯನ್ ಡಿಸೋಜಾ. ಆ ಚಿತ್ರಗಳು ಮುಂದೆ ಕೋರ್ಟಿನಲ್ಲಿ ಸಾಕ್ಷ್ಯವಾದವು. ಕ್ಯಾಮೆರಾ ಹಿಡಿದವನು ಅಪಾಯ ಅನ್ನುವ ಲೆಕ್ಕ ಯಾವಾಗಲೂ ಸರಿಹೋಗೋದಿಲ್ಲ. ವರ್ಷಾನುಗಟ್ಟಲೆ ಒಂದೇ ಡಿಪೋದ ಬಸ್ಸುಗಳನ್ನು ನೋಡುತ್ತಾ ಬಂದ ಹುಡುಗನಿಗೆ ಯಾವ ಬಸ್ಸು ಅಲ್ಲಿಯದ್ದಲ್ಲ, ಯಾವ ವಸ್ತು ಅಲ್ಲಿರಬಾರದು ಅನ್ನೋದು ಹೊಸದಾಗಿ ನೇಮಕವಾದ ಕಾವಲುಗಾರನಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ಭದ್ರತೆಯ ಕಾರಣಕ್ಕೆ ಗೇಟು ಅರ್ಧ ಮುಚ್ಚಿತು ಅನ್ನಬಹುದು. ಮಿಕ್ಕರ್ಧ ಮುಚ್ಚಿದ್ದು ಬೇರೆ ಕಾರಣಕ್ಕೆ. ನನಗೆ ಗೊತ್ತಿರುವ ಒಂದು ಡಿಪೋದ ಕತೆ ಹೇಳುತ್ತೇನೆ. ಹೆಸರು ಬೇಡ. ಅಲ್ಲಿಯ ಮೇಲಧಿಕಾರಿ ಒಳ್ಳೆಯವರು. ಭಾನುವಾರ ಬೆಳಿಗ್ಗೆ ನಾಲ್ಕೈದು ಹುಡುಗರನ್ನು ಒಳಗೆ ಬಿಡುತ್ತಿದ್ದರು. ರಿಜಿಸ್ಟರಿನಲ್ಲಿ ಹೆಸರು ಬರೆದು, ಬಸ್ಸು ಓಡಾಡುವ ದಾರಿಗೆ ಹೋಗದೆ, ಒಂದು ಗಂಟೆಯೊಳಗೆ ಹೊರಗೆ ಬರಬೇಕು ಅನ್ನೋದು ಕರಾರು. ಹುಡುಗರಲ್ಲಿ ಇಬ್ಬರು ನಮ್ಮವರು, ಒಬ್ಬ ಉಡುಪಿ ಕಡೆಯವನು, ಒಬ್ಬ ಸೊಲ್ಲಾಪುರದ ಕನ್ನಡದವನು. ಎರಡು ವರ್ಷ ಹೀಗೇ ನಡೆಯಿತು. ಮೆಕ್ಯಾನಿಕ್ಕುಗಳಿಗೂ ಅವರ ಮೇಲೆ ಅಕ್ಕರೆ. ತಮ್ಮ ಕೆಲಸವನ್ನು ಇಷ್ಟು ಆಸೆಯಿಂದ ನೋಡುವವರು ಅವರಿಗೂ ಬೇರೆ ಯಾರು ಸಿಗಬೇಕು? ಒಂದು ವಾರ ಹೊಸ ಮಾದರಿಯ ಬಸ್ಸೊಂದು ಬಂದು ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಉದ್ಘಾಟನೆ ಇನ್ನೂ ಆಗಿರಲಿಲ್ಲ. ಗುಂಪಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಅದರ ಫೋಟೋ ತೆಗೆದ. ಅದು ಕೈಯಿಂದ ಕೈಗೆ ಹೋಗಿ ಒಂದು ಪತ್ರಿಕೆಯಲ್ಲಿ ಬಂತು. ರಿಬ್ಬನ್ ಕತ್ತರಿಸಬೇಕಾದವರು ನೋಡುವ ಮೊದಲೇ ಊರೆಲ್ಲ ನೋಡಿತು. ಸೋಮವಾರ ಆ ಅಧಿಕಾರಿಗೆ ಮೇಲಿನಿಂದ ಕಾರಣ ಕೇಳಿ ಕಾಗದ ಬಂತು. ಮುಂದಿನ ಭಾನುವಾರ ಗೇಟು ಮುಚ್ಚಿತ್ತು. ಬಾಂಬಿನಿಂದಲ್ಲ, ಒಂದು ಕಾಗದದಿಂದ.

ಆಮೇಲೆ ಒಂದು ದಿನ ನಾನು ಆ ಇಬ್ಬರು ಹುಡುಗರ ಜೊತೆ ಆ ಕಡೆ ಹೋಗಿದ್ದೆ. ಹೊರಗಿನ ಫುಟ್‌ಪಾತಿನಲ್ಲಿ ನಿಂತು ಒಳಗಿಂದ ಬರುವ ಬಸ್ಸಿನ ಚಿತ್ರ ತೆಗೆಯುತ್ತಿದ್ದರು. ಕಾವಲಿನವರು ಬಂದರು. ಖಾಸಗಿ ಏಜೆನ್ಸಿಯ ನೀಲಿ ಅಂಗಿ, ವಯಸ್ಸಾದವರು. ಮೊದಲು ಹಿಂದಿಯಲ್ಲಿ ಗದರಿದರು. ಹುಡುಗರು ತಮ್ಮತಮ್ಮಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದು ಅವರ ಮುಖ ಬದಲಾಯಿತು.

"ಯಾವೂರ್ರೀ ನಿಮ್ದು?"

ಹೇಳಿದೆವು. ಅವರದ್ದು ಇಂಡಿ ತಾಲ್ಲೂಕು.

"ನೋಡ್ ತಮ್ಮಾ, ನೀ ಫೋಟೋ ಹೊಡದ್ರ ನನಗೇನೂ ಇಲ್ಲ. ಬಸ್ಸೇನ್ ಸವೀತದೇನು? ಆದ್ರ ಆ ಕ್ಯಾಮೆರಾದಾಗ ಸಾಹೇಬ್ರು ನೋಡ್ತಾರ" ಅಂತ ಗೇಟಿನ ಮೇಲಿದ್ದ ಸಿ.ಸಿ. ಟಿ.ವಿ.ಯ ಕಡೆ ಗಲ್ಲ ಎತ್ತಿ ತೋರಿಸಿದರು. "ನನ್ ನೌಕರಿಗ್ ಬರ್ತದ. ರಸ್ತೆ ಆಚೀಕಡೆ ನಿಂದ್ರು. ಅಲ್ಲಿಂದ ಏನರ ಮಾಡ್ಕೋ."

ಹುಡುಗರು "ಆಯ್ತು ಕಾಕಾ" ಅಂದು ರಸ್ತೆ ದಾಟಿದರು. ಆಚೆಯಿಂದ ತೆಗೆದ ಚಿತ್ರಗಳಲ್ಲಿ ಬಸ್ಸಿನ ಮುಂದೆ ಒಂದು ಕಂಬ, ಎರಡು ಸ್ಕೂಟರು. ಆ ಹಿರಿಯರ ಮೇಲೆ ನನಗೆ ದೂರಿಲ್ಲ. ನಿಯಮ ಬರೆದವರು ಗೇಟಿಗೆ ಬರುವುದಿಲ್ಲ. ಗೇಟಿನಲ್ಲಿ ನಿಂತವರಿಗೆ ನಿಯಮ ಸಡಿಲಿಸುವ ಧೈರ್ಯ ಇರುವುದಿಲ್ಲ. ತಿಂಗಳ ಸಂಬಳದ ಮೇಲೆ ಊರಲ್ಲಿ ಎಷ್ಟು ಬಾಯಿ ಕಾದಿರುತ್ತವೋ ಅವರಿಗೇ ಗೊತ್ತು.

ಹಾಗಂತ ಬಸ್ ಪ್ರಿಯರೆಲ್ಲ ಸಾಧುಗಳು ಅಂತಲೂ ಹೇಳಲಾರೆ. ಗುಜರಿ ಬಸ್ಸಿನ ಬೋರ್ಡು, ತಯಾರಕರ ಬಿಲ್ಲೆ, ನಂಬರು ತಗಡು ಬಿಚ್ಚಿಕೊಂಡು ಹೋಗುವ ಚಾಳಿ ಕೆಲವರಿಗೆ ಉಂಟು. ಒಳ್ಳೆ ಕೋನ ಸಿಗಲಿ ಅಂತ ಬಸ್ಸಿನ ಮೇಲೆ ಹತ್ತುವವರಿದ್ದಾರೆ. ಡ್ರೈವರ್ ನಿದ್ದೆ ಮಾಡುವಾಗ ಅವನ ಫೋಟೋ ತೆಗೆದು ನಗುವವರಿದ್ದಾರೆ. ಹತ್ತು ಗಂಟೆ ಈ ಊರಿನ ಟ್ರಾಫಿಕ್ಕಿನಲ್ಲಿ ಸ್ಟೇರಿಂಗ್ ತಿರುಗಿಸಿದವನು ನಿದ್ದೆ ಮಾಡದೆ ಇನ್ನೇನು ಮಾಡಬೇಕು? ಒಬ್ಬ ಹೀಗೆ ಮಾಡಿದರೆ ಹತ್ತು ಜನಕ್ಕೆ ಬಾಗಿಲು ಮುಚ್ಚುತ್ತದೆ. ಟ್ಯಾಮ್‌ವರ್ತಿನ ಕತೆಯೇ ಇಲ್ಲೂ.

ಮೂರನೆಯ ಬೀಗ ಬಿದ್ದದ್ದು ಸದ್ದಿಲ್ಲದೆ. 2019ರಿಂದ ಬೆಸ್ಟ್ ಸಂಸ್ಥೆ ಬಾಡಿಗೆ ಬಸ್ಸುಗಳನ್ನು ಹೆಚ್ಚು ಹೆಚ್ಚಾಗಿ ತೆಗೆದುಕೊಳ್ಳತೊಡಗಿತು. ಬಸ್ಸೂ ಕಂಟ್ರಾಕ್ಟುದಾರನದ್ದು, ಡ್ರೈವರೂ ಅವನ ಕಡೆಯವನು. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಸಂಸ್ಥೆ ಕೊಡುತ್ತದೆ. ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಸ್ವಂತ ಬಸ್ಸಿಗಿಂತ ಬಾಡಿಗೆಯದ್ದೇ ಹೆಚ್ಚಾಯಿತು. ಡಿಪೋ ಹೆಸರಿಗೆ ಬೆಸ್ಟ್‌ನದ್ದು, ಒಳಗೆ ನಿಂತ ಬಸ್ಸು ಇನ್ಯಾರದ್ದೋ. ಈಗ ಒಳಗೆ ಬಿಡಿ ಅಂತ ಯಾರನ್ನು ಕೇಳೋದು? ಸಂಸ್ಥೆಯವರು ಕಂಟ್ರಾಕ್ಟುದಾರನ ಕಡೆ ತೋರಿಸುತ್ತಾರೆ, ಅವರು ಇವರ ಕಡೆ. ಮೊದಲಿನ ಮೆಕ್ಯಾನಿಕ್ಕು ಮೂವತ್ತು ವರ್ಷ ಒಂದೇ ಡಿಪೋದಲ್ಲಿ ಕಳೆದವನು, ಪ್ರತಿ ಬಸ್ಸಿನ ಜಾತಕ ಬಲ್ಲವನು. ಅವನು ನಿವೃತ್ತನಾದ. ಜೊತೆಗೆ ಡಿಪೋಗಳ ಜಾಗವೇ ಚಿನ್ನವಾಯಿತು. 2000ರ ದಶಕದಲ್ಲೇ ಕೆಲವು ಡಿಪೋಗಳ ಜಾಗವನ್ನು ವಾಣಿಜ್ಯ ಕಟ್ಟಡಗಳಿಗಾಗಿ ಬಿಲ್ಡರುಗಳಿಗೆ ಕೊಡುವ ಕೆಲಸ ಶುರುವಾಗಿತ್ತು. ಮುಂಬಯಿಯಲ್ಲಿ ಬಸ್ಸು ನಿಲ್ಲೋ ಜಾಗಕ್ಕಿಂತ ಅಲ್ಲಿ ಏಳಬಹುದಾದ ಮಹಡಿಗಳ ಬೆಲೆ ಹೆಚ್ಚು.

ಈ ನಡುವೆ ಡಬಲ್ ಡೆಕ್ಕರ್‌ಗಳು ಕರಗಿದವು. ನಡೆಸಲು ಖರ್ಚು ಜಾಸ್ತಿ ಅಂತ 2008ರ ನಂತರ ಹೊಸದನ್ನು ಕೊಳ್ಳುವುದು ನಿಲ್ಲಿಸಿದರು. ಒಂದು ಬಸ್ಸಿಗೆ ಹದಿನೈದು ವರ್ಷ ಆಯುಸ್ಸು. ಕೂಡಿಸಿ ನೋಡಿದರೆ 2023 ಬರುತ್ತದೆ. ಆ ವರ್ಷದ ಸೆಪ್ಟೆಂಬರ್ 15ರಂದು ಅಂಧೇರಿ ಸ್ಟೇಷನ್ನಿನ ಅಗರ್ಕರ್ ಚೌಕದಿಂದ ಸೀಪ್ಜ್‌ಗೆ ಹೋಗುವ 415ನೇ ನಂಬರಿನಲ್ಲಿ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯ ಸಲ ಓಡಿತು. ಆ ಹೊತ್ತಿಗೆ ಉಳಿದಿದ್ದದ್ದು ಏಳೇ ಬಸ್ಸು. ಅದರಲ್ಲಿ ಮೂರು ಪ್ರವಾಸಿಗಳ ತೆರೆದ ಮಾಳಿಗೆಯವು. ಅವೂ ಅಕ್ಟೋಬರ್ 5ಕ್ಕೆ ನಿಂತವು. ಅದೇ ತಿಂಗಳ ಕೊನೆಗೆ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಾಲವೂ ಮುಗಿಯಿತು. ಕೊನೆಯ ದಿನ ಬಸ್ಸಿಗೆ ಹೂಮಾಲೆ ಹಾಕಿದರು. ಬಸ್ ಪ್ರಿಯರು ಹತ್ತಿಪ್ಪತ್ತು ಕಿಲೋಮೀಟರು ದೂರದಿಂದ ಬಂದು ಮೇಲಿನ ಮಹಡಿಯ ಮುಂದಿನ ಸೀಟಿಗಾಗಿ ನೂಕಾಡಿದರು. ಕನಿಷ್ಠ ಎರಡನ್ನಾದರೂ ಆಣಿಕ್ ಡಿಪೋದಲ್ಲಿರುವ ಬೆಸ್ಟ್ ವಸ್ತುಸಂಗ್ರಹಾಲಯದಲ್ಲಿ ಉಳಿಸಿಕೊಳ್ಳಿ ಅಂತ ಪ್ರಯಾಣಿಕರ ಸಂಘಗಳು ಮುಖ್ಯಮಂತ್ರಿಗೂ ಪ್ರವಾಸೋದ್ಯಮ ಸಚಿವರಿಗೂ ಪತ್ರ ಬರೆದವು. ಅದಕ್ಕೂ ಏಳು ತಿಂಗಳು ಮುಂಚೆ, ಫೆಬ್ರವರಿಯಲ್ಲಿ, ಹವಾನಿಯಂತ್ರಿತ ವಿದ್ಯುತ್ ಡಬಲ್ ಡೆಕ್ಕರ್‌ಗಳು ಬಂದಿದ್ದವು. ತಂಪಾಗಿವೆ, ಹೊಗೆ ಇಲ್ಲ. ಕಿಟಕಿ ಮಾತ್ರ ತೆರೆಯೋದಿಲ್ಲ, ಸಮುದ್ರದ ಗಾಳಿ ಒಳಗೆ ಬರೋದಿಲ್ಲ.

ಆ ಕೊನೆಯ ದಿನದ ಫೋಟೋಗಳು ಸಾವಿರಾರು ಇವೆ. ಮೊಬೈಲು ಇದ್ದವರೆಲ್ಲ ತೆಗೆದಿದ್ದಾರೆ. ಕೊರತೆ ಇರುವುದು ಅದಕ್ಕೆ ಮುಂಚಿನ ಸಾಮಾನ್ಯ ದಿನಗಳದ್ದು. 900 ಬಸ್ಸುಗಳಿದ್ದಾಗ ಅವು ಯಾವ ಯಾವ ಡಿಪೋದಲ್ಲಿದ್ದವು, ಒಳಗೆ ಕಂಡಕ್ಟರು ಗಂಟೆ ಎಳೆಯುವ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಮೆಟ್ಟಿಲಿನ ಕಂಬಿ ಎಷ್ಟು ಸವೆದಿತ್ತು, ತೊಳೆಯುವವರು ಮಾಳಿಗೆಯ ಕಿಟಕಿಗೆ ನೀರು ಹೇಗೆ ಹಾಯಿಸುತ್ತಿದ್ದರು, ಇಂಥವನ್ನು ಯಾವ ಉದ್ಘಾಟನೆಯ ಫೋಟೋವೂ ಹೇಳೋದಿಲ್ಲ. ಡಿಪೋದೊಳಗಿನ ಕೆಲಸಗಾರರ ಫೋಟೋಗಳಂತೂ ಇನ್ನೂ ಕಡಿಮೆ. ಸಂಸ್ಥೆಗೆ ಅವರು ಹಾಜರಿ ಪುಸ್ತಕದ ಒಂದು ನಂಬರು, ಪ್ರಯಾಣಿಕರಿಗೆ ಅವರು ಕಾಣುವುದೇ ಇಲ್ಲ. ಅವರ ಮುಖ ಸಿಗೋದು ಈ ಹುಚ್ಚು ಹುಡುಗರ ಚಿತ್ರಗಳ ಅಂಚಿನಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಬಸ್ಸಿನ ಫೋಟೋಕ್ಕೆ ಅಡ್ಡ ಬಂದವರ ಹಾಗೆ.

ಇನ್ನೊಂದು ಮಾತೂ ಇದೆ. 2024ರ ಡಿಸೆಂಬರ್ 9ರಂದು ಕುರ್ಲಾದಲ್ಲಿ ಬಾಡಿಗೆ ವಿದ್ಯುತ್ ಬಸ್ಸೊಂದು ಜನರ ಮೇಲೆ, ವಾಹನಗಳ ಮೇಲೆ ನುಗ್ಗಿ ಹಲವರು ಸತ್ತರು. ಆಮೇಲೆ ಎಲ್ಲರೂ ಕೇಳಿದ ಪ್ರಶ್ನೆ, ಡ್ರೈವರುಗಳಿಗೆ ತರಬೇತಿ ಹೇಗೆ ಕೊಡುತ್ತಾರೆ, ಬಸ್ಸುಗಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ. ಇವೆಲ್ಲ ಗೇಟಿನ ಒಳಗಿನ ವಿಷಯಗಳು. ಬಸ್ ಪ್ರಿಯರು ಒಳಗಿದ್ದರೆ ಅಪಘಾತ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಅದು ಅಧಿಕಪ್ರಸಂಗವಾಗುತ್ತದೆ. ಸಾರ್ವಜನಿಕ ಸೇವೆಯೊಂದರ ಒಳಮನೆಯನ್ನು ಪ್ರೀತಿಯಿಂದ ನೋಡುವ ಹೊರಗಿನ ಕಣ್ಣು ಒಂದೂ ಇಲ್ಲದ ಸ್ಥಿತಿ ಯಾರಿಗೂ ಒಳ್ಳೆಯದಲ್ಲ ಅಂತಷ್ಟೇ.

ದಾರಿ ಇಲ್ಲದೆ ಇಲ್ಲ. ಲಂಡನ್ನಿನ ಸಾರಿಗೆ ವಸ್ತುಸಂಗ್ರಹಾಲಯದವರು ಆಕ್ಟನ್ ಎಂಬಲ್ಲಿ ಹಳೆಯ ಬಸ್ಸು, ರೈಲು ಇಟ್ಟಿರುವ ತಮ್ಮ ಉಗ್ರಾಣವನ್ನು ವರ್ಷದಲ್ಲಿ ಕೆಲವು ದಿನ ಜನರಿಗೆ ತೆರೆಯುತ್ತಾರೆ. ಟಿಕೆಟ್ಟು ಇರುತ್ತದೆ, ಸ್ವಯಂಸೇವಕರಿರುತ್ತಾರೆ, ಯಾವ ಗೆರೆ ದಾಟಬಾರದು ಅಂತ ಬರೆದಿರುತ್ತದೆ. ನಮ್ಮಲ್ಲೂ ವರ್ಷಕ್ಕೊಂದು ಭಾನುವಾರ, ಬಸ್ಸು ಕಡಿಮೆ ಓಡುವ ಹೊತ್ತು, ಹೆಸರು ಬರೆಸಿಕೊಂಡು ಒಳಗೆ ಬಿಟ್ಟರೆ ಸಾಕು. ಉದ್ಘಾಟನೆಯಾಗದ ಬಸ್ಸಿಗೆ ಒಂದು ಟಾರ್ಪಾಲು ಹೊದೆಸಿದರಾಯಿತು. ಮುಖ್ಯವಾಗಿ, ಒಳಗೆ ಬಿಟ್ಟ ಅಧಿಕಾರಿಗೆ ಸೋಮವಾರ ಕಾಗದ ಬರಬಾರದು. ಇಂಗ್ಲೆಂಡಿನ ಆ ಕ್ಲಬ್ಬಿನ ಹಾಗೆ ಹುಡುಗರೂ ಮಾತು ಕೊಡಲಿ, ಮುರಿದವನನ್ನು ತಾವೇ ದೂರ ಇಡಲಿ.

ಇದೆಲ್ಲ ಮುಂಬಯಿಯ ಕತೆ, ನಮಗೇನು ಅಂತ ಊರಿನವರು ಕೇಳಬಹುದು. ನಮ್ಮದೂ ಇದೇ ಕತೆ. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. 1956ರಲ್ಲಿ ರಾಜ್ಯ ಒಂದಾಗುವ ಮುಂಚೆ ಬೆಳಗಾವಿ, ಧಾರವಾಡದ ಕಡೆ ಓಡುತ್ತಿದ್ದ ಸರ್ಕಾರಿ ಬಸ್ಸು ಮುಂಬಯಿ ರಾಜ್ಯದ್ದು. ಕಲಬುರಗಿ, ರಾಯಚೂರು, ಬೀದರಿನ ಕಡೆ ಹೈದರಾಬಾದ್ ಸಂಸ್ಥಾನದ್ದು. ನಿಜಾಮನ ಸರ್ಕಾರ 1932ರಲ್ಲೇ 27 ಬಸ್ಸುಗಳಿಂದ ಸಾರಿಗೆ ಆರಂಭಿಸಿತ್ತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನವರು ಉಳಿಸಿಕೊಂಡಿದ್ದಾರೆ. 1961ರಲ್ಲಿ ನಿಗಮ ಆಯಿತು, 1973ರಲ್ಲಿ ಅದಕ್ಕೆ ಕರ್ನಾಟಕದ ಹೆಸರು ಬಂತು, 1997ರಿಂದ ಈಚೆಗೆ ನಾಲ್ಕಾಗಿ ಒಡೆಯಿತು. ಇಷ್ಟು ಸಲ ಹೆಸರು ಬದಲಾದಾಗಲೆಲ್ಲ ಬಸ್ಸಿನ ಬಣ್ಣ, ಬರಹ, ಬಾಗಿಲು ಬದಲಾಗಿವೆ. ಮೂರು ರಾಜ್ಯಗಳ ಬಸ್ಸುಗಳು ಒಂದೇ ಡಿಪೋದಲ್ಲಿ ಪಕ್ಕಪಕ್ಕ ನಿಂತ 1956ರ ಆ ನವೆಂಬರಿನ ಚಿತ್ರ ನನಗಂತೂ ಎಲ್ಲೂ ಸಿಕ್ಕಿಲ್ಲ. ರಾಜ್ಯ ಒಂದಾದದ್ದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ಇನ್ನಾವುದಿರುತ್ತಿತ್ತು?

ಆದ್ದರಿಂದ ಊರಿನಲ್ಲಿರುವವರಿಗೆ ಒಂದು ಕೋರಿಕೆ. ನಿಮ್ಮ ಮನೆಯ ಹಳೆಯ ಆಲ್ಬಮ್ಮುಗಳನ್ನು ಒಮ್ಮೆ ತೆಗೆಯಿರಿ. ದಿಬ್ಬಣದ ಬಸ್ಸಿನ ಎದುರು ನಿಂತ ಮದುಮಕ್ಕಳು, ಧರ್ಮಸ್ಥಳ ಯಾತ್ರೆಯ ಗುಂಪು, ಮಗನನ್ನು ಮುಂಬಯಿಗೆ ಕಳಿಸಲು ಬಸ್ ಸ್ಟ್ಯಾಂಡಿಗೆ ಬಂದ ತಂದೆ-ತಾಯಿ. ಹಿಂದೆ ಎಲ್ಲೋ ಒಂದು ಬಸ್ಸು ಇದ್ದೇ ಇರುತ್ತದೆ. ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಊರು, ವರ್ಷ, ನಂಬರು ಕಂಡರೆ ನಂಬರು ಬರೆದಿಡಿ. ಮುಂದೊಂದು ದಿನ ಯಾರಾದರೂ ಹುಡುಗ ಅದನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬಂದರೆ, ಒಳಗೆ ಕರೆದು ಒಂದು ಲೋಟ ಕಾಫಿ ಕೊಟ್ಟು ತೋರಿಸಿ.